ಹಳಿ ಕೀಳುವ ಮುನ್ನ ಕಮಾನು ಕಟ್ಟಿ

ನಮ್ಮ ಕಡೆಗೆ ಹೊಸ ಯೋಜನೆ ಬರುವ ದಾರಿ ಒಂದೇ. ಯಾರೋ ಪರದೇಶಕ್ಕೆ ಅಧ್ಯಯನ ಪ್ರವಾಸ ಹೋಗುತ್ತಾರೆ, ಅಲ್ಲೊಂದು ಫೋಟೊ ತೆಗೆಸಿಕೊಳ್ಳುತ್ತಾರೆ, ಆ ಫೋಟೊ ಇಲ್ಲಿ ಅಂದಾಜು ಪಟ್ಟಿಯ ಮುಖಪುಟವಾಗುತ್ತದೆ. ಮುಂದಿನ ಫೋಟೊ ಯಾವುದಿರಬಹುದೆಂದು ಈಗಲೇ ಹೇಳಿಬಿಡಬಹುದು. ಓಡಾಟ ನಿಂತ ರೈಲು ಮಾರ್ಗ, ಅದರ ಮೇಲೆ ಸೈಕಲ್ ಪಥ, ಪಥದ ಮೇಲೆ ಹೆಲ್ಮೆಟ್ ಹಾಕಿಕೊಂಡು ನಗುತ್ತಿರುವ ನಿಯೋಗ. ಅಮೆರಿಕದ ವಿಸ್ಕಾನ್ಸಿನ್‌ನವರು ಎಲ್‌ರಾಯ್–ಸ್ಪಾರ್ಟಾ ನಡುವಿನ ಹಳೆ ಮಾರ್ಗವನ್ನು 1960ರ ದಶಕದಲ್ಲೇ ಹೀಗೆ ಬದಲಿಸಿದರು. ಸ್ಪೇನ್ 1993ರಲ್ಲಿ ಶುರುಮಾಡಿತು. ನ್ಯೂಜಿಲೆಂಡಿನ ಒಟಾಗೊದಲ್ಲಿ 150 ಕಿಲೋಮೀಟರಿನ ಪಥ 2000ದಲ್ಲಿ ತೆರೆಯಿತು. ಕಲಬುರಗಿ ಹಿಂದೆ ಬೀಳಬೇಕೇ?

ತೊಡಕು ಸಣ್ಣದು. ಹಳೆ ಹಳಿ ಬೇಕೆಂದರೆ ಮೊದಲು ಹೊಸ ಹಳಿ ಬಂದಿರಬೇಕು. ಬೀದರ್–ಕಲಬುರಗಿ ಮಾರ್ಗ 110 ಕಿಲೋಮೀಟರು. 1990ರ ದಶಕದಲ್ಲಿ ಮಂಜೂರಾಗಿದ್ದು 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಅದು ಹಳೆಯದಾಗಿ, ರೈಲು ನಿಂತು, ಸೈಕಲ್ಲಿಗೆ ಸಿಗುವ ಹೊತ್ತಿಗೆ ಈಗಿನ ಮೊಮ್ಮಕ್ಕಳಿಗೂ ಮೊಮ್ಮಕ್ಕಳಾಗಿರುತ್ತವೆ. 2013-14ರ ಬಜೆಟ್ಟಿನಲ್ಲಿ ಮಂಜೂರಾದ ಗದಗ–ವಾಡಿ ಮಾರ್ಗ ತುಂಡುತುಂಡಾಗಿ ಮುಂದೆ ಸಾಗುತ್ತಿದೆ. ಹಳಿಗೆ ಕಾದು ಕೂತ ಮಣ್ಣಿನ ಏರಿಯ ಮೇಲೆ ಕುರಿ ಹೋದರೂ, ಬೈಕು ಹೋದರೂ ಕೇಳುವವರಿಲ್ಲ. ಬೇರೆಯವರು ರೈಲು ನಿಂತ ಮೇಲೆ ಪಥ ಮಾಡುತ್ತಾರೆ, ನಾವು ರೈಲು ಬರುವ ಮುಂಚೆಯೇ ಮಾಡಿಕೊಳ್ಳುತ್ತೇವೆ. ಇದನ್ನು ಹಿಂದುಳಿದ ಪ್ರದೇಶ ಅನ್ನುವವರಿಗೆ ನಾಚಿಕೆಯಾಗಬೇಕು.

ಇರಲಿ, ಶಹಾಬಾದ್–ವಾಡಿ ಕಡೆ ಗಣಿಯೊಳಗೆ ಹೋಗುವ ಮೂರು ಕಿಲೋಮೀಟರಿನ ಒಂದು ಸೈಡಿಂಗ್, ಅಂದರೆ ಮುಖ್ಯ ಮಾರ್ಗದಿಂದ ಕವಲೊಡೆದ ಹಳಿ, ಸಿಕ್ಕಿತು ಅಂತಿಟ್ಟುಕೊಳ್ಳೋಣ. ಹಳಿ ತುಕ್ಕು ಹಿಡಿದಿದೆ, ನಡುವೆ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿದೆ. ಮೊದಲ ಕೆಲಸ ಅನುಮತಿ. ಕಲಬುರಗಿ ನಿಲ್ದಾಣ ಸೋಲಾಪುರ ರೈಲ್ವೆ ವಿಭಾಗಕ್ಕೆ ಸೇರಿದ್ದು, ಬೀದರ್ ಸಿಕಂದರಾಬಾದಿಗೆ, ಯಾದಗಿರಿ ಗುಂತಕಲ್ಲಿಗೆ. ಮೂರು ಜಿಲ್ಲೆ, ಮೂರು ವಿಭಾಗ, ಮೂರೂ ಕಚೇರಿ ಪರರಾಜ್ಯದಲ್ಲಿ. ಕಲಬುರಗಿಗೇ ಒಂದು ವಿಭಾಗ ಕೊಡುತ್ತೇವೆಂದು 2014ರಲ್ಲಿ ಹೇಳಿದ್ದರು. ಆ ಮಾತಿಗೆ ಇನ್ನೂ ಸಿಗ್ನಲ್ ಬಿದ್ದಿಲ್ಲ. ಹಾಗಾಗಿ ಕಡತವೇ ಮೊದಲು ರೈಲು ಹತ್ತಬೇಕು. ಸೈಡಿಂಗ್ ಕಾರ್ಖಾನೆಯವರದೋ ರೈಲ್ವೆಯದೋ ಎಂಬ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಜಾಲಿ ಇನ್ನೊಂದು ಆಳು ಎತ್ತರವಾಗಿರುತ್ತದೆ.

ಅನುಮತಿ ಬಂತು ಅನ್ನಿ. ಈಗ ನೆಲ ನೋಡಿ. ರೈಲು ಮಾರ್ಗ ಹಾಕಿದವರು ಸೈಕಲ್ ಸವಾರನಿಗೆ ಗೊತ್ತಿಲ್ಲದೆಯೇ ದೊಡ್ಡ ಉಪಕಾರ ಮಾಡಿಟ್ಟಿದ್ದಾರೆ. ಗೂಡ್ಸ್ ಗಾಡಿ ಏರು ಹತ್ತಲಾರದು. ಅದಕ್ಕೇ ನೂರು ಮೀಟರಿಗೆ ಒಂದು ಮೀಟರ್ ಏರುವುದೇ ಅವರಿಗೆ ಹೆಚ್ಚು. ಎರಡೂ ಕಡೆ ಹಾಲಿನ ಕ್ಯಾನು ನೇತುಹಾಕಿಕೊಂಡವನೂ ಸೀಟಿನಿಂದ ಏಳದೆ ತುಳಿದುಕೊಂಡು ಹೋಗುವಷ್ಟು ಸಮ. ತಿರುವುಗಳು ಉದ್ದ. ಏರಿ ಹೊಲಕ್ಕಿಂತ ಎತ್ತರ, ಪಕ್ಕದಲ್ಲಿ ಕಾಲುವೆ, ಹಳ್ಳ ಬಂದಲ್ಲಿ ಮೋರಿ. ಮೇಲಿನ ಜಲ್ಲಿ ಮಳೆನೀರನ್ನು ಒಂದು ನಿಮಿಷವೂ ನಿಲ್ಲಗೊಡುವುದಿಲ್ಲ. ಬಿದ್ದ ನೀರನ್ನೆಲ್ಲ ಹಿಡಿದುಕೊಳ್ಳುವ ನಮ್ಮ ಎರೆನೆಲದಲ್ಲಿ ಇಂಥ ಒಣ ಏರಿ ಹೊಸದಾಗಿ ಕಟ್ಟಬೇಕೆಂದರೆ ಜೀವ ಹೋಗುತ್ತದೆ. ಅದು ಆಗಲೇ ಕಾಲ ಕೆಳಗಿದೆ.

ಉಳಿದ ಕೆಲಸ ಇಷ್ಟೇ. ಹಳಿ, ಅದರ ಕೆಳಗಿನ ಅಡ್ಡದಿಮ್ಮಿಗಳಾದ ಸ್ಲೀಪರ್ ತೆಗೆಯಬೇಕು. ಜಲ್ಲಿಯನ್ನು ಅಲ್ಲೇ ಬಿಟ್ಟು ಗ್ರೇಡರ್‌ನಿಂದ ಹರಡಿ ಸಮ ಮಾಡಬೇಕು. ರೈಲಿನ ಜಲ್ಲಿ 50 ಮಿಲಿಮೀಟರಿನದು. ಹಾಗೇ ಬಿಟ್ಟರೆ ಸೈಕಲ್ ಚಕ್ರ ಹೂಳುತ್ತದೆ. ಅದಕ್ಕೆ 20 ಮಿಲಿಮೀಟರಿನ ಸಣ್ಣ ಜಲ್ಲಿ ಸುರಿದು ಸಂದು ತುಂಬಿ ರೋಲರ್ ಹೊಡೆಯಬೇಕು. ಮೇಲೆ ಮೂರು ಮೀಟರ್ ಅಗಲಕ್ಕೆ 75 ಮಿಲಿಮೀಟರ್ ಕಲ್ಲುಪುಡಿ, ನೀರು ಚಿಮುಕಿಸಿ ಮತ್ತೆ ರೋಲರ್. ಪಕ್ಕಕ್ಕೆ ನೂರಕ್ಕೆ ಎರಡರಷ್ಟು ಇಳಿಜಾರು. ಕಿಲೋಮೀಟರಿಗೆ ರೋಲರ್ ಹೊಡೆದ ಮೇಲಿನ ಲೆಕ್ಕ 225 ಘನ ಮೀಟರ್; ಸಡಿಲ ಪುಡಿ ಅದಕ್ಕಿಂತ ಕಾಲು ಭಾಗ ಜಾಸ್ತಿ ತರಿಸಬೇಕು. ಮೂವತ್ತು ಟಿಪ್ಪರಿನ ಆಸುಪಾಸು ಆಯಿತು.

ಎಲ್‌ರಾಯ್–ಸ್ಪಾರ್ಟಾದವರು ಮೇಲೆ ಹಾಸಿದ್ದೇನು ಗೊತ್ತೇ? ಸುಣ್ಣದಕಲ್ಲಿನ ಪುಡಿ. ನೀರು ಬಿದ್ದರೆ ಕಚ್ಚಿಕೊಂಡು ಗಟ್ಟಿಯಾಗುವ ಗುಣ ಅದಕ್ಕಿದೆ. ನಾವು ಕೂತಿರುವುದು ಎಲ್ಲಿ? ಶಹಾಬಾದ್, ಚಿತ್ತಾಪುರ, ವಾಡಿ, ಸೇಡಂ ಎಲ್ಲವೂ ಸುಣ್ಣದಕಲ್ಲಿನ ಮೇಲೆ. ಅದನ್ನು ಕುಟ್ಟಿಯೇ ಸಿಮೆಂಟು, ಸೀಳಿಯೇ ಶಹಾಬಾದ್ ಪರಸಿ ಎಂಬ ಹಾಸುಗಲ್ಲು. ಗಣಿಯಂಚಿಗೆ ಒಡೆದ ಪರಸಿಯ ಗುಡ್ಡೆಗಳು ಬಿದ್ದಿರುತ್ತವೆ. ಪಥಕ್ಕೆ ಬೇಕಾದ ಸರಕು ಪಥದ ಪಕ್ಕದಲ್ಲೇ ಇದೆ, ಕ್ರಷರಿಗೆ ಹಾಕಿ ತಂದರಾಯಿತು.

ಆದ್ದರಿಂದಲೇ ಅಂದಾಜು ಪಟ್ಟಿಯಲ್ಲಿ ಅದು ಇರುವುದಿಲ್ಲ. ಇಂಟರ್‌ಲಾಕ್ ಪೇವರ್, ಅಂದರೆ ಒಂದಕ್ಕೊಂದು ಕಚ್ಚಿ ಕೂರುವ ಸಿಮೆಂಟ್ ಇಟ್ಟಿಗೆ, ಇರುತ್ತದೆ.

ಪೇವರಿನ ಮಹಿಮೆ ತಿಳಿಯದವರು ಇದನ್ನು ತಪ್ಪು ಎಂದಾರು. ಕಲ್ಲುಪುಡಿ ಅಗ್ಗ, ಅಗ್ಗದ ಕೆಲಸಕ್ಕೆ ಬಿಲ್ಲೂ ಸಣ್ಣದು, ಬಿಲ್ ಸಣ್ಣದಾದರೆ ಮಾರ್ಚ್ 31ರೊಳಗೆ ಅನುದಾನ ಖರ್ಚಾಗುವುದಿಲ್ಲ. ಪೇವರನ್ನು ಚದರ ಮೀಟರಿನ ಲೆಕ್ಕದಲ್ಲಿ, ಕೆಲಸದ ಅಳತೆ ಬರೆಯುವ ಎಂ.ಬಿ. ಪುಸ್ತಕಕ್ಕೆ ಏರಿಸುವುದು ಸುಲಭ, ಕೆಂಪು–ಹಳದಿ ಬಣ್ಣದಲ್ಲಿ ಫೋಟೊಕ್ಕೆ ಚಂದ. ಅದನ್ನು ಹಾಕುವ ಕ್ರಮವೂ ನಿರ್ದಿಷ್ಟ. ಮೊದಲು ಒಳ್ಳೆಯ ಜಲ್ಲಿಯನ್ನು ಬಳಿದು ಟಿಪ್ಪರಿಗೆ ತುಂಬಬೇಕು. ರೈಲಿನ ಜಲ್ಲಿ ಗಟ್ಟಿ ಕಲ್ಲಿನದು, ಒಂದೇ ಅಳತೆಯದು, ಕಿಲೋಮೀಟರಿಗೆ ಒಂದೂವರೆ ಸಾವಿರ ಘನ ಮೀಟರಿಗೂ ಮೇಲೆ. ಅದು ಎಲ್ಲಿಗೆ ಹೋಯಿತೆಂದು ಕೇಳುವ ಸಂಪ್ರದಾಯವಿಲ್ಲ. ಆಮೇಲೆ ಬರಿಯ ಮಣ್ಣಿನ ಮೇಲೆ ಮರಳಿನ ಹೆಸರಿನಲ್ಲಿ ಎಂ-ಸ್ಯಾಂಡ್, ಅದರ ಮೇಲೆ ಪೇವರ್. ಏರಿ ಕಟ್ಟಲು ಹೊಲದ ಎರೆಮಣ್ಣನ್ನೇ ತಂದಿದ್ದರೆ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಎರಡನೇ ವರ್ಷಕ್ಕೆ ಪಥ ಒಂಟೆ ಬೆನ್ನು. ಅಂಚಿಗೆ ಕರ್ಬ್ ಕಲ್ಲು ಸರಿಯಾಗಿ ಹೂಳದಿದ್ದರೆ ಪೇವರ್ ಒಂದೊಂದೇ ಹೊರಕ್ಕೆ ಸರಿದು, ಆಚೆಗಿನ ಮನೆಗಳ ಮುಂದೆ ಅಂಗಳವಾಗಿ ಮತ್ತೆ ಇಂಟರ್‌ಲಾಕ್ ಆಗುತ್ತದೆ.

ನಮ್ಮ ಕಲ್ಲಿನ ಅಭಿಮಾನಿಗಳು ಶಹಾಬಾದ್ ಪರಸಿಯನ್ನೇ ಹಾಸಿ ಎಂದು ಒತ್ತಾಯಿಸಿಯಾರು. ಪಡಸಾಲೆಗೆ ಅದರಷ್ಟು ತಂಪು ಬೇರೆ ಇಲ್ಲ. ಪಾಲಿಶ್ ಹೊಡೆದ ಪರಸಿ ಮಳೆಯಲ್ಲಿ ನೆನೆದರೆ ಸೈಕಲ್ ಟೈರು ಜಾರುತ್ತದೆ, ತಿರುವಿನಲ್ಲಂತೂ ಗ್ಯಾರಂಟಿ. ಪುಡಿ ಮಾಡಿ ಹಾಕಿ ಎಂದರೆ ಅಭಿಮಾನಕ್ಕೆ ಧಕ್ಕೆ.

ಕಿತ್ತ ಸಾಮಾನಿನ ಲೆಕ್ಕಕ್ಕೆ ಬನ್ನಿ. ಮೀಟರಿಗೆ 52 ಕಿಲೋ ತೂಕದ ಹಳಿಯಾದರೆ ಕಿಲೋಮೀಟರಿಗೆ ಎರಡೂ ಬದಿ ಸೇರಿ 104 ಟನ್ ಉಕ್ಕು. ಕಾಂಕ್ರೀಟ್ ಸ್ಲೀಪರ್ ಒಂದೊಂದು ಕಾಲು ಟನ್ನಿಗೂ ಹೆಚ್ಚು. ನಾಲ್ಕು ಜನ ಹೆಗಲು ಕೊಟ್ಟರೂ ಏಳುವುದಿಲ್ಲ, ಯಂತ್ರವೇ ಬೇಕು. ಹಳಿಯನ್ನು ಹಿಡಿದಿಡುವ ಕ್ಲಿಪ್ಪುಗಳು ಮಾತ್ರ ಸುತ್ತಿಗೆಯ ಒಂದೇಟಿಗೆ ಬರುತ್ತವೆ, ಹಾಗಾಗಿ ಟೆಂಡರ್ ಕರೆಯುವ ಮುಂಚೆಯೇ ಬಂದಿರುತ್ತವೆ. ಹಳೆ ಸೈಡಿಂಗಿನಲ್ಲಿ ಕಟ್ಟಿಗೆ ಸ್ಲೀಪರ್ ಇದ್ದರೆ ಅದಕ್ಕೆ ಕ್ರಿಯೋಸೋಟ್ ಎಣ್ಣೆ ಕುಡಿಸಿರುತ್ತಾರೆ. ಮೈಗೆ ತಾಗಬಾರದು, ಹೊಗೆ ಕುಡಿಯಬಾರದು. ಆದ್ದರಿಂದ ಬೆಂಚು ಮಾಡಬಾರದು, ಒಲೆಗೂ ಹಾಕಬಾರದು. ನಮ್ಮಲ್ಲಿ ಅದು ಮೊದಲು ‘ಹೆರಿಟೇಜ್ ಬೆಂಚ್’ ಆಗುತ್ತದೆ, ಮುರಿದ ಮೇಲೆ ಚಹಾದಂಗಡಿಯ ಒಲೆಗೆ ಹೋಗುತ್ತದೆ.

ಹಳ್ಳದ ಮೇಲಿನ ಗರ್ಡರ್ ಸೇತುವೆಯಲ್ಲಿ ಸ್ಲೀಪರ್ ತೆಗೆದರೆ ಕೆಳಗೆ ನೀರೇ ಕಾಣುತ್ತದೆ. ಅಲ್ಲಿ ಹಲಗೆಯನ್ನು ಸವಾರಿಯ ದಿಕ್ಕಿಗೆ ಅಡ್ಡಡ್ಡ ಜೋಡಿಸಬೇಕು. ಉದ್ದುದ್ದ ಜೋಡಿಸಿದರೆ ಸಂದಿಗೆ ಚಕ್ರ ಸಿಕ್ಕಿ ಸವಾರ ಹ್ಯಾಂಡಲ್ ಮೇಲಿಂದ ಹಾರುತ್ತಾನೆ. ಕಟಕಟೆ 1.4 ಮೀಟರ್ ಎತ್ತರ ಬೇಕು. ನಿಂತವನ ಸೊಂಟಕ್ಕೆ ಬರುವ ಕಟಕಟೆ ಸೈಕಲ್ ಮೇಲೆ ಕೂತವನನ್ನು ತಡೆಯುವುದಿಲ್ಲ. ಉದ್ದುದ್ದ ಜೋಡಿಸಿದರೆ ಹಲಗೆ ಕೊಯ್ಯುವ ಕೂಲಿ ಉಳಿಯುತ್ತದೆ ಎಂಬ ಲೆಕ್ಕ ಗುತ್ತಿಗೆದಾರನಿಗೆ ಯಾರೂ ಕಲಿಸಬೇಕಿಲ್ಲ.

ಟ್ರ್ಯಾಕ್ಟರ್ ಒಳಗೆ ಬಾರದಂತೆ ಪಥದ ಬಾಯಿಗೆ ಕಂಬ ನೆಡುತ್ತಾರೆ. ನಿಯಮ ಸರಳ: ನಡುವೆ ಒಂದು, ಇಲ್ಲವೇ ಮೂರು. ಎರಡು ನೆಟ್ಟರೆ ಆಚೆಯಿಂದ ಬರುವವನೂ ಈಚೆಯಿಂದ ಹೋಗುವವನೂ ನಡುವಿನ ಒಂದೇ ಸಂದಿಗೆ ನುಗ್ಗಿ ಹಣೆ ಹಣೆ ಕೂಡಿಸುತ್ತಾರೆ. ಸಂದು ಒಂದೂವರೆ ಮೀಟರ್ ಇರಬೇಕು. ನಮ್ಮಲ್ಲಿ ಎರಡೇ ನೆಡುತ್ತಾರೆ, ಜೋಡಿ ಕಂಬ ಶಾಸ್ತ್ರಕ್ಕೆ ಒಳ್ಳೆಯದಂತೆ. ಉದ್ಘಾಟನೆಯ ಹಿಂದಿನ ರಾತ್ರಿ ಅವನ್ನೂ ಕೀಳಿಸುತ್ತಾರೆ, ಏಕೆಂದರೆ ಗಣ್ಯರ ಕಾರುಗಳು ವೇದಿಕೆಯವರೆಗೆ ಹೋಗಬೇಕು. ಸೈಕಲ್ಲಿಗೆಂದು ಹಾಕಿದ 60 ಮಿಲಿಮೀಟರಿನ ಪೇವರ್. ಮೇಲೆ ಎರಡು ಟನ್ನಿನ ಹನ್ನೆರಡು ಗಾಡಿಗಳು. ಗಾಡಿ ಓಡಾಡುವಲ್ಲಿ ಸಾಮಾನ್ಯವಾಗಿ 80 ಮಿಲಿಮೀಟರಿನದು ಹಾಕುತ್ತಾರೆ. ರಿಬ್ಬನ್ ಕತ್ತರಿಸುವ ಹೊತ್ತಿಗೇ ಪಥಕ್ಕೆ ದುರಸ್ತಿ ಟೆಂಡರಿನ ಅರ್ಹತೆ ಬಂದಿರುತ್ತದೆ. ಸ್ವಾಗತ ಕಮಾನು ಮಾತ್ರ ಗಟ್ಟಿ. ಅದರ ಪಾಯ ಆರು ಅಡಿ.

ಉದ್ಘಾಟನೆ ಮುಗಿದ ಮೇಲೆ ಡಿಸೆಂಬರ್. ತೊಗರಿ ಕೊಯ್ಲು. ಮೂರು ಮೀಟರ್ ಅಗಲದ, ಮಣ್ಣು ಹತ್ತದ, ಬಿಸಿಲು ಬೀಳುವ, ಗಾಳಿ ಬೀಸುವ, ಬಾಡಿಗೆ ಇಲ್ಲದ ನೆಲ. ತೊಗರಿ ಕಣಜ ಅನ್ನಿಸಿಕೊಂಡ ಜಿಲ್ಲೆಯ ರೈತ ಇನ್ನೇನು ಮಾಡಬೇಕು? ತಾಡಪತ್ರಿ ಹಾಸಿ, ಸುತ್ತ ಕಲ್ಲಿಟ್ಟು ಒಣ ಹಾಕುತ್ತಾನೆ. ಯಾರಾದರೂ ಸೈಕಲ್ ಮೇಲೆ ಬಂದು ಬೆಲ್ ಬಾರಿಸಿದರೆ ಮುತ್ಯಾ ಕೂತಲ್ಲಿಂದಲೇ, ‘ಬರ್ರಿ ಸರ, ಕಾಳಿನ ಮ್ಯಾಲಿಂದನ ಬರ್ರಿ, ನಿಮ್ ಗಾಲಿಗಿ ಒಂದೀಟು ರಾಶಿನೂ ಆಗ್ತದ’ ಅನ್ನುತ್ತಾನೆ. ಇಡೀ ಯೋಜನೆಯಲ್ಲಿ ಸರಿಯಾಗಿ ಬಳಕೆಯಾಗುವ ಭಾಗ ಇದೊಂದೇ.

ಇನ್ನು ಸವಾರರು. 2006-07ರಲ್ಲಿ ಶುರುವಾಗಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿದ್ದ ಸರಕಾರಿ ಯೋಜನೆ ಕೊರೋನಾ ಕಾಲಕ್ಕೆ ನಿಂತಿತು. ಹಳ್ಳಿಯಿಂದ ಹೈಸ್ಕೂಲಿಗೆ ನಿಜವಾಗಿ ತುಳಿದುಕೊಂಡು ಹೋಗುತ್ತಿದ್ದವರು ಅವರೇ. ಪಥದ ಎರಡು ತುದಿಯಲ್ಲಿ ಊರಾಗಲಿ ಶಾಲೆಯಾಗಲಿ ಇವೆಯೇ ಎಂದು ಅಂದಾಜು ಪಟ್ಟಿ ಕೇಳುವುದಿಲ್ಲ. ಸೆಲ್ಫಿ ಪಾಯಿಂಟ್ ಎಲ್ಲಿ ಎಂದು ಕೇಳುತ್ತದೆ. ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲಿಗೆ ಬೇವು, ಹೊಂಗೆ ನೆಟ್ಟಿದ್ದರೆ ನೆರಳಾದರೂ ಇರುತ್ತಿತ್ತು. ಕುಂಡದಲ್ಲಿ ತಾಳೆಗಿಡ ಇಟ್ಟಿರುತ್ತಾರೆ, ಅದರ ನೆರಳು ಕುಂಡಕ್ಕೇ ಸಾಲದು.

ಇಷ್ಟೆಲ್ಲ ದಾಟಿ ಬಂದವನಿಗೆ ಕೊನೆಗೆ ಸಿಗುವುದು ನೆಗ್ಗಿಲು ಮುಳ್ಳು. ಮಳೆ ಬಿದ್ದ ಮೇಲೆ ಪಥದ ಅಂಚಿನಲ್ಲಿ ನೆಲಕ್ಕೆ ಅಂಟಿಕೊಂಡು ಹಬ್ಬುವ ಬಳ್ಳಿ, ಪುಟ್ಟ ಹಳದಿ ಹೂವು. ಕಾಯಿ ಒಣಗಿ ಐದು ಹೋಳಾಗುತ್ತದೆ. ಹೋಳಿಗೆ ಎರಡು ಬಲಿತ ಕೊಂಬು, ಹೇಗೆ ಬಿದ್ದರೂ ಒಂದು ಮೇಲಕ್ಕೆ. ಟೈರಿಗೆ ಚುಚ್ಚಿದರೆ ಕೂಡಲೇ ಕೀಳಬೇಡಿ. ಮುಳ್ಳೇ ತೂತಿಗೆ ಬಿರಡೆಯಾಗಿ ಮನೆ ಮುಟ್ಟಿಸುವುದುಂಟು. ಪ್ಯಾಚ್ ಹಾಕುವಾಗ ಟ್ಯೂಬನ್ನು ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಒಣಗಿ ಬೆರಳಿಗೆ ಅಂಟದಂತಾಗುವವರೆಗೆ ಕಾಯಬೇಕು. ಹಸಿಯಲ್ಲೇ ಒತ್ತಿದರೆ ಪ್ಯಾಚ್ ಬಿಸಿಲಿಗೆ ಜಾರುತ್ತದೆ. ಮುರಿದ ಮುಳ್ಳಿನ ತುದಿ ಟೈರಿನೊಳಗೇ ಉಳಿದಿದೆಯೇ ಎಂದು ಬೆರಳಾಡಿಸಿ ನೋಡದೆ ಹಾಕಿದರೆ ಇನ್ನರ್ಧ ಕಿಲೋಮೀಟರಿಗೆ ಮತ್ತೆ ಗಾಳಿ ಇಲ್ಲ. ಮೂಲ ಮದ್ದು ಒಂದೇ: ಕಾಯಿ ಬಲಿಯುವ ಮುಂಚೆ ಬಳ್ಳಿಯನ್ನು ಬೇರುಸಹಿತ ಕಿತ್ತು ಸುಡುವುದು, ಅದೂ ಪ್ರತಿ ವರ್ಷ. ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ.

ರೈಲ್ವೆಯಲ್ಲಿ ಇದಕ್ಕೆಂದೇ ಮನುಷ್ಯರಿದ್ದರು. ಕೀಮ್ಯಾನ್ ದಿನಾ ತನ್ನ ಪಾಲಿನ ಹಳಿಗುಂಟ ನಡೆದು ಸಡಿಲಾದ ಕ್ಲಿಪ್ ಬಡಿಯುತ್ತಿದ್ದ, ಗ್ಯಾಂಗ್‌ಮನ್‌ಗಳು ಹುಲ್ಲು ಕೀಳುತ್ತಿದ್ದರು, ಮೋರಿ ಬಳಿಯುತ್ತಿದ್ದರು. ಮಾರ್ಗ ನೂರು ವರ್ಷ ನಿಂತದ್ದು ಹೀಗೆ. ಸೈಕಲ್ ಪಥಕ್ಕೂ ಒಬ್ಬ ಮನುಷ್ಯ, ಒಂದು ಸಲಿಕೆ, ಒಂದು ಕುರ್ಪಿ, ಒಂದು ಸೈಕಲ್ ಸಾಕು. ಅಂದಾಜು ಪಟ್ಟಿಯಲ್ಲಿ ‘ನಿರ್ವಹಣೆ’ ಎಂಬ ಕಾಲಂ ಇದ್ದೇ ಇರುತ್ತದೆ. ಎದುರಿಗೆ ಮೊತ್ತವಿಲ್ಲ, ‘ಸಂಬಂಧಪಟ್ಟ ಗ್ರಾಮ ಪಂಚಾಯಿತಿಗೆ ಹಸ್ತಾಂತರಿಸುವುದು’ ಎಂಬ ಒಂದು ಸಾಲು.

ಹಸ್ತಾಂತರದ ದಿನ ಜೆ.ಇ. (ಕಿರಿಯ ಎಂಜಿನಿಯರ್) ಕಾಗದ ಹಿಡಿದು ಹೋದರೆ ಪಂಚಾಯಿತಿಯ ಪಿಡಿಒ ಕೇಳುವ ಪ್ರಶ್ನೆಯೂ ಗೊತ್ತಿರುವಂಥದ್ದೇ:

‘ಜಾಗಾ ರೈಲ್ವೇದು, ಕೆಲಸ ನಿಮ್ದು, ಬಿಲ್ಲು ಗುತ್ತಿಗೇದಾರಂದು. ಮುಳ್ಳಷ್ಟ ನಮ್ದೇನ್ರಿ, ಸಾಹೇಬ್ರ?’