ಅರಳು ಮರಳಿಗೆ ಮಾನವಶಾಸ್ತ್ರಜ್ಞ ಬೇಕೇ?

ಪರ

ಮುಪ್ಪಿನ ಮರೆವನ್ನು ಡಾಕ್ಟರಷ್ಟೇ ನೋಡಿದರೆ ಸಾಲದು, ಜನರ ನಡುವೆ ಕೂತು ಅವರ ಬದುಕು ಅರಿಯುವ ಮಾನವಶಾಸ್ತ್ರಜ್ಞರೂ ಬೇಕು. ಮರೆವಿನ ಪರೀಕ್ಷೆ ಶುರುವಾಗುವುದೇ ಇಸವಿ, ತಿಂಗಳು, ತಾರೀಖಿನಿಂದ. 1975ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 30 ಅಂಕದ ಪ್ರಶ್ನಾವಳಿ ಇವತ್ತಿಗೂ ಬಳಕೆಯಲ್ಲಿದೆ. ಮೂಡಿಗೆರೆ ಕಡೆಯ ಅಜ್ಜಿಯೊಬ್ಬರನ್ನು ತಾರೀಖು ಕೇಳಿ ನೋಡಿ. ‘ಆರಿದ್ರಾ ಹಿಡಿದು ನಾಲ್ಕು ದಿನ ಆಯ್ತಲ್ಲ’ ಅಂದಾರು. ಮಳೆ ನಕ್ಷತ್ರದಲ್ಲಿ ದಿನ ಎಣಿಸುವವರಿಗೆ ಅದು ಪಕ್ಕಾ ಲೆಕ್ಕ. ಕಾಗದದ ಮೇಲೆ ಸೊನ್ನೆ! ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದರೆ ಶಾಲೆಯ ಮೆಟ್ಟಿಲು ಹತ್ತದವರ ಗತಿ? ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಇದೇ ಕಾರಣಕ್ಕೆ ಪ್ರಶ್ನೆಗಳನ್ನೇ ಬದಲಿಸಿ ಹಿಂದಿಯಲ್ಲಿ ಹೊಸದಾಗಿ ರೂಪಿಸಬೇಕಾಯಿತು.

ಅಮೆರಿಕದ ಮಾನವಶಾಸ್ತ್ರಜ್ಞ ಲಾರೆನ್ಸ್ ಕೋಹೆನ್ ವಾರಾಣಸಿಯಲ್ಲಿ ಮುಪ್ಪಿನ ಮರೆವಿನ ಮಾತು ಕೇಳುತ್ತಾ ಕೂತರು. ಅಲ್ಲಿ ಅದಕ್ಕೆ ‘ಸಠಿಯಾನಾ’ ಎನ್ನುತ್ತಾರೆ, ಅರವತ್ತು ಹಿಡಿಯುವುದು. ನಮ್ಮ ‘ಅರವತ್ತಕ್ಕೆ ಅರಳು ಮರಳು’ ಗಾದೆಯ ಒಡಹುಟ್ಟು. ಅವರ ಕಿವಿಗೆ ಬಿದ್ದದ್ದು ಮಿದುಳಿನ ಮಾತಿಗಿಂತ ಹೆಚ್ಚಾಗಿ, ಮನೆಯವರು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬ ದೂರು. ಇದು ಯಾವ ಸ್ಕ್ಯಾನ್‌ನಲ್ಲಿ ಕಾಣುತ್ತದೆ?

ವಿರೋಧ

ಆ ದೂರು ಕೊನೆಗೆ ಬಂದು ಬೀಳುವುದು ಸೊಸೆಯ ತಲೆ ಮೇಲೆ. ನಮ್ಮತ್ತೆ ಒಲೆ ಮೇಲೆ ಹಾಲಿಟ್ಟು ತೋಟದೊಳಗೆ ದಾರಿ ತಪ್ಪಿದ ದಿನ, ಹುಡುಕಲು ಬಂದವರಲ್ಲೇ ಒಬ್ಬರು ‘ಹೊತ್ತಿಗೆ ಸರಿಯಾಗಿ ಊಟ ಹಾಕ್ತಾಳೋ ಇಲ್ವೋ’ ಅಂದರು. ನಾನು ಕೇಳಿಸಿಕೊಂಡೆ. 1906ರಲ್ಲಿ ಜರ್ಮನಿಯ ವೈದ್ಯ ಆಲ್ಜೈಮರ್ ತೀರಿಹೋದ ರೋಗಿಯ ಮಿದುಳಿನಲ್ಲಿ ಕಂಡ ಗಂಟುಗಳನ್ನು ವಿವರಿಸಿದರಲ್ಲ, ಆ ಗಂಟುಗಳಿಗೂ ನನ್ನ ಅಡುಗೆಗೂ ಏನು ಸಂಬಂಧ? ಕಾಯಿಲೆ ಎಂದು ಡಾಕ್ಟರು ಹೇಳಿದ ದಿನ ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ದುಃಖಕ್ಕಲ್ಲ.

ಬಿ12 ಕೊರತೆಯಿಂದ, ಥೈರಾಯ್ಡ್ ಏರುಪೇರಿನಿಂದ ಬಂದ ಮರೆವು ಔಷಧಿಗೆ ಬಗ್ಗುವುದುಂಟು. ಅದನ್ನು ತಿಳಿಯಲು ರಕ್ತ ಪರೀಕ್ಷೆ ಬೇಕು, ಪ್ರಬಂಧ ಅಲ್ಲ. ಮಳೆಗಾಲದಲ್ಲಿ ಕಳಸದಿಂದ ಚಿಕ್ಕಮಗಳೂರಿಗೆ ಘಾಟಿ ರಸ್ತೆಯಲ್ಲಿ ಇಂಥವರನ್ನು ಕರೆತಂದು ನೋಡಿ, ಆಗ ಗೊತ್ತಾಗುತ್ತದೆ ನಮಗೆ ಏನು ಬೇಕೆಂದು: ಹತ್ತಿರದಲ್ಲೊಬ್ಬ ಡಾಕ್ಟರು, ದಿನಕ್ಕೆ ನಾಲ್ಕು ಗಂಟೆ ಅತ್ತೆಯ ಜೊತೆ ಕೂರುವ ಒಬ್ಬ ಮನುಷ್ಯ.

ಇನ್ನು, ಮಾತಾಡಿಸಲು ಬರುವ ಸಂಶೋಧಕನಿಗೆ ಇಂಥವರು ಕೊಡುವ ಒಪ್ಪಿಗೆಯ ಮಾತು. ಬೆಳಿಗ್ಗೆ ‘ಹೂಂ, ಕೇಳಪ್ಪಾ’ ಅಂದವರು ಕಾಫಿ ಹೊತ್ತಿಗೆ ‘ಇವನ್ಯಾರೇ?’ ಎಂದರೆ, ಆ ಹೂಂಗೆ ಏನು ಬೆಲೆ?

ಮಳೆ ಲೆಕ್ಕದ ವಿಷಯ ಒಪ್ಪುತ್ತೇನೆ. ಪ್ರಶ್ನೆ ಬದಲಿಸಲಿ, ಅದಕ್ಕೆ ನಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಸಾಕು. ಆದರೆ ನಮ್ಮತ್ತೆ ಮೊನ್ನೆ ಮಾಗಿಯ ಚಳಿಯಲ್ಲಿ, ಆರಿದ್ರಾ ಮಳೆ ಬಂತೆಂದು ಅಟ್ಟದ ಮೇಲೆ ಗೊರಬು ಹುಡುಕುತ್ತಿದ್ದರು.