ಅಡ್ಡ ಜಾರುವ ಕಾರು, ಡವಗುಟ್ಟುವ ಎದೆ

ಡ್ರಿಫ್ಟ್ ಅಂದರೆ ತಿರುವಿನಲ್ಲಿ ಬೇಕೆಂದೇ ಕಾರನ್ನು ಅಡ್ಡ ಜಾರಿಸುವ ಆಟ. ಮೊದಲ ಸಲ ಡ್ರಿಫ್ಟ್ ಕಾರಿನ ಪಕ್ಕದ ಸೀಟಿನಲ್ಲಿ ಕೂತಾಗ ನಾನು ಟ್ರ್ಯಾಕ್ ನೋಡಲೇ ಇಲ್ಲ. ಓಡಿಸುತ್ತಿದ್ದವನ ಕೈ ನೋಡುತ್ತಾ ಕೂತುಬಿಟ್ಟೆ. ತಿರುವು ಬಂತು. ಹ್ಯಾಂಡ್‌ಬ್ರೇಕ್ ಎಳೆದ. ಹಿಂದಿನ ಚಕ್ರಗಳು ಹಿಡಿತ ಬಿಟ್ಟವು, ಕಾರು ಅಡ್ಡ ತಿರುಗಿತು. ಅವನ ಸ್ಟೀರಿಂಗ್ ಮಾತ್ರ ತಿರುವಿನ ಎದುರು ದಿಕ್ಕಿಗೆ. ಆಕ್ಸಿಲರೇಟರನ್ನು ಚೂರು ಒತ್ತುವುದು, ಚೂರು ಬಿಡುವುದು. ಮುಖದಲ್ಲಿ ಗಾಬರಿಯ ಸುಳಿವೇ ಇಲ್ಲ. ಇಳಿದ ಮೇಲೂ ತುಂಬಾ ಹೊತ್ತು ನನಗೆ ಆ ಮನುಷ್ಯನ ಮೇಲೆ ಒಂಥರಾ ಸೆಳೆತ.

ಇದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಹಳೆಯ ವಿವರಣೆ ಇದೆ. 1974ರಲ್ಲಿ ಡಟನ್ ಮತ್ತು ಆರನ್ ಎಂಬ ಇಬ್ಬರು ಸಂಶೋಧಕರು ಕೆನಡಾದ ಕ್ಯಾಪಿಲಾನೋ ತೂಗುಸೇತುವೆಯ ಮೇಲೆ ಒಂದು ಪ್ರಯೋಗ ಮಾಡಿದರು. ಸೇತುವೆಯ ಕೆಳಗೆ 230 ಅಡಿ ಆಳದ ಕಣಿವೆ. ಅಲ್ಲಿ ಒಬ್ಬ ಯುವತಿ ಗಂಡಸರನ್ನು ಮಾತಾಡಿಸಿ ಫೋನ್ ನಂಬರ್ ಕೊಡುತ್ತಿದ್ದಳು. ಗಟ್ಟಿ ಸೇತುವೆಯಲ್ಲಿ ಸಿಕ್ಕವರಿಗಿಂತ ಈ ಓಲಾಡುವ ಸೇತುವೆಯಲ್ಲಿ ಸಿಕ್ಕವರೇ ಜಾಸ್ತಿ ಫೋನ್ ಮಾಡಿದರು. ಭಯದ ಎದೆಬಡಿತವನ್ನು ಮನಸ್ಸು ಆಕರ್ಷಣೆ ಎಂದುಕೊಂಡಿತು ಅನ್ನುವುದು ಅವರ ವಾದ.

ನನಗೆ ಇದು ಅರ್ಧ ಮಾತ್ರ ಒಪ್ಪಿಗೆ. ಕಾರು ಗೋಡೆಗೆ ಗುದ್ದುವುದನ್ನು ನೋಡಿದರೂ ಎದೆ ಬಡಿದುಕೊಳ್ಳುತ್ತದೆ. ಆಗ ಯಾರ ಮೇಲೂ ಮನಸ್ಸು ಹೋಗುವುದಿಲ್ಲ, ಅಲ್ವಾ? ನನ್ನನ್ನು ಸೆಳೆದದ್ದು ಅಪಾಯ ಅಲ್ಲ. ಅಪಾಯದ ಅಂಚಿನಲ್ಲೂ ಅಲುಗದ ಆ ಕೈ.

ಹುಡುಗರು ಇಲ್ಲೇ ಎಡವುತ್ತಾರೆ. 2010ರಲ್ಲಿ ಆಸ್ಟ್ರೇಲಿಯಾದಲ್ಲಿ ಸ್ಕೇಟ್‌ಬೋರ್ಡ್ ಆಡುವ ಹುಡುಗರ ಮೇಲೆ ಒಂದು ಅಧ್ಯಯನ ನಡೆಯಿತು. ಚೆಂದದ ಹುಡುಗಿ ಎದುರಿಗೆ ನಿಂತಾಗ ಅವರು ಹೆಚ್ಚು ರಿಸ್ಕ್ ತಗೊಂಡರು. ಹೆಚ್ಚು ಬಿದ್ದರು ಕೂಡ. ರಾತ್ರಿ ಹೊತ್ತು ಊರ ರಸ್ತೆಯಲ್ಲಿ ಟೈರ್ ಸುಟ್ಟು ಹುಡುಗಿಯರ ಕಡೆ ತಿರುಗಿ ನೋಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಪಣಕ್ಕಿಟ್ಟಿರುವುದು ದಾರಿಯಲ್ಲಿ ಹೋಗುವವರ ಜೀವ. ಅದರಲ್ಲಿ ಮೆಚ್ಚಲು ಏನಿದೆ?

ಆದರೂ ಡ್ರಿಫ್ಟಿಂಗ್‌ಗೂ ಸೆಳೆತಕ್ಕೂ ನಂಟು ಇದ್ದೇ ಇದೆ. ರೇಸ್ ಗೆಲ್ಲಲು ಗಡಿಯಾರ ಸಾಕು, ನೋಡುವವರೇ ಬೇಕಿಲ್ಲ. ಡ್ರಿಫ್ಟ್‌ಗೆ ಕಣ್ಣು ಬೇಕು. ಕಾರು ಹಿಡಿದ ದಾರಿ, ಅಡ್ಡ ತಿರುಗಿದ ಕೋನ, ಸ್ಟೈಲ್ ಎಲ್ಲ ನೋಡಿ ತೀರ್ಪುಗಾರರು ಅಂಕ ಕೊಡುತ್ತಾರೆ. ಜಪಾನಿನ ಬೆಟ್ಟದ ತಿರುವುಗಳಲ್ಲಿ ಕೈ ಪಳಗಿಸಿಕೊಂಡ ಕೆಯಿಚಿ ತ್ಸುಚಿಯಾ 'ಡ್ರಿಫ್ಟ್ ಕಿಂಗ್' ಅನ್ನಿಸಿಕೊಂಡದ್ದು ಬರೀ ವೇಗದಿಂದ ಅಲ್ಲ. ನೋಡಿದವರು ಕಣ್ಣು ಕೀಳಲಾರದ ಹಾಗೆ ಓಡಿಸುತ್ತಿದ್ದರು. ನವಿಲು ಗರಿ ಬಿಚ್ಚುವುದೂ ನೋಡುವವರಿಗಾಗಿಯೇ ತಾನೆ.

ನನಗೆ ಎಲ್ಲಕ್ಕಿಂತ ಇಷ್ಟ ಟ್ಯಾಂಡಮ್. ಎರಡು ಕಾರು ಒಟ್ಟಿಗೆ ಜಾರುತ್ತವೆ. ಮುಂದಿನದು ದಾರಿ ಹಾಕುತ್ತದೆ, ಹಿಂದಿನದು ಅದರ ಬಾಗಿಲಿಗೆ ಇನ್ನೇನು ತಾಗಬೇಕು ಅನ್ನುವಷ್ಟು ಹತ್ತಿರ ಬರಬೇಕು. ಮುಂದಿನವರು ಸುಮ್ನೆ ಬ್ರೇಕ್ ಒತ್ತಿದರೆ ಇಬ್ಬರ ಕಥೆಯೂ ಮುಗಿಯಿತು. ಒತ್ತುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಹಿಂದಿನವರು ಹೊಗೆಯೊಳಗೆ ನುಗ್ಗುತ್ತಾರೆ. ಆ ಹೊಗೆ ಸರಿದು ಎರಡೂ ಕಾರು ಅಕ್ಕಪಕ್ಕ ಕಂಡಾಗ ನನ್ನ ಗಂಟಲು ಕಟ್ಟುತ್ತದೆ.