ಹೆನ್ರಿ ರೋನೋ ಕುಡಿದು ಹಾಳಾದ, ಅಷ್ಟೇನಾ?

ಕೀನ್ಯಾದ ಓಟಗಾರ ಹೆನ್ರಿ ರೋನೋ ಹೆಸರು ಬಂದರೆ ಸಾಕು, ಎಲ್ಲರದ್ದೂ ಒಂದೇ ರಾಗ. ಎಂಥಾ ಓಟಗಾರ, ಕುಡಿದು ಹಾಳಾದ, ಒಂದು ಒಲಿಂಪಿಕ್ ಪದಕವೂ ಇಲ್ಲ. ಕೇಳಿ ಕೇಳಿ ಸಾಕಾಗಿದೆ. ಕುಡಿತ ಸುಳ್ಳಲ್ಲ, ಅವನೇ ಬಾಯಿಬಿಟ್ಟು ಹೇಳಿದ್ದು. ಆದರೆ ಪದಕ ಇಲ್ಲದ್ದಕ್ಕೆ ಅದನ್ನು ಗಂಟು ಹಾಕಬೇಡಿ. ನ್ಯೂಜಿಲೆಂಡ್ ರಗ್ಬಿ ತಂಡ ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ ಆಡಲು ಹೋಗಿತ್ತು ಅಂತ 1976ರಲ್ಲಿ ಕೀನ್ಯಾ ಒಲಿಂಪಿಕ್ಸ್ ಬಿಟ್ಟಿತು. 1980ರಲ್ಲಿ ಅಮೆರಿಕದ ಜೊತೆ ಸೇರಿ ಮಾಸ್ಕೋವನ್ನೂ ಬಿಟ್ಟಿತು. ಓಡಲು ಟ್ರ್ಯಾಕೇ ಸಿಗದವನು ಪದಕ ಎಲ್ಲಿಂದ ತರಬೇಕು?

ಅವನು ಓಡುತ್ತಿದ್ದದ್ದು ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಗೆ. 1978ರಲ್ಲಿ ಬರೀ 81 ದಿನದಲ್ಲಿ ನಾಲ್ಕು ವಿಶ್ವ ದಾಖಲೆ. ಏಪ್ರಿಲ್ 8ಕ್ಕೆ ಬರ್ಕ್ಲಿಯಲ್ಲಿ 5,000 ಮೀಟರ್, ಮೇನಲ್ಲಿ ಸಿಯಾಟಲ್‌ನಲ್ಲಿ ಸ್ಟೀಪಲ್‌ಚೇಸ್ (ಅಡ್ಡಗಂಬ, ನೀರಿನ ಗುಂಡಿ ದಾಟುತ್ತಾ ಓಡುವ 3,000 ಮೀಟರ್), ಜೂನ್‌ನಲ್ಲಿ ವಿಯೆನ್ನಾದಲ್ಲಿ 10,000, ಆಮೇಲೆ ಓಸ್ಲೋದಲ್ಲಿ 3,000. ಹತ್ತು ಸಾವಿರದ್ದು 27 ನಿಮಿಷ 22 ಸೆಕೆಂಡ್ ಚಿಲ್ಲರೆ. ಅಂದರೆ ಒಂದು ಸುತ್ತಿಗೆ 66 ಸೆಕೆಂಡೂ ಇಲ್ಲ, ಅಂಥವು 25 ಸುತ್ತು! ನಂಬದಿದ್ದರೆ ಯಾವುದಾದರೂ ಟ್ರ್ಯಾಕ್‌ಗೆ ಹೋಗಿ ಒಂದೇ ಒಂದು ಸುತ್ತು 66ರಲ್ಲಿ ಓಡಿ ನೋಡಿ, ಮಿಕ್ಕ 24 ಹೇಗಿರುತ್ತೆ ಅಂತ ನಿಮ್ಮ ಎದೆಯೇ ಹೇಳುತ್ತದೆ. ಅವನು ಮುರಿದದ್ದು ಸ್ಯಾಮ್ಸನ್ ಕಿಮೊಬ್ವಾ ದಾಖಲೆ. ಕಿಮೊಬ್ವಾ ಕೂಡ ಅದೇ ಕಾಲೇಜಿನವನು. ಎಂಥಾ ಕಾಲೇಜಪ್ಪಾ ಅದು!

ನನ್ನ ಸಿಟ್ಟು ಇರುವುದು ಆ ಕಾಲೇಜು ಓಟದ ಪದ್ಧತಿಯ ಮೇಲೆ. ಸ್ಕಾಲರ್‌ಶಿಪ್ ಕೊಡುತ್ತಾರೆ, ಸುಳ್ಳಲ್ಲ. ಆದರೆ ಶರತ್ಕಾಲಕ್ಕೆ ಕ್ರಾಸ್ ಕಂಟ್ರಿ (ಟ್ರ್ಯಾಕ್ ಬಿಟ್ಟು ಬಯಲು, ಗುಡ್ಡದಲ್ಲಿ ಓಡುವುದು), ಚಳಿಗಾಲಕ್ಕೆ ಒಳಾಂಗಣ, ವಸಂತಕ್ಕೆ ಮತ್ತೆ ಟ್ರ್ಯಾಕ್. ಎಲ್ಲ ಕಡೆ ತಂಡಕ್ಕೆ ಪಾಯಿಂಟ್ ತರಬೇಕು. ಬೇಸಿಗೆಯಲ್ಲಾದರೂ ಬಿಡುವು ಸಿಕ್ಕಿತಾ? ಇಲ್ಲ, ಯುರೋಪಿನ ಓಟಗಳು, ಆಫ್ರಿಕಾ ಕ್ರೀಡಾಕೂಟ, ಅದಾದ ಮೇಲೆ ಕೆನಡಾದ ಎಡ್ಮಂಟನ್‌ನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. ಅಲ್ಲಿ 5,000 ಮತ್ತು ಸ್ಟೀಪಲ್‌ಚೇಸ್ ಎರಡರಲ್ಲೂ ಚಿನ್ನ. ಅದೇ 1978ರ ನವೆಂಬರಿನ ಅಮೆರಿಕದ ರಾಷ್ಟ್ರೀಯ ಕಾಲೇಜು ಕ್ರಾಸ್ ಕಂಟ್ರಿಯಲ್ಲಿ ಅವನ ಸ್ಥಾನ ಎಷ್ಟು ಗೊತ್ತಾ? 237. ಹಿಂದಿನ ಎರಡು ವರ್ಷ ಅದೇ ಓಟ ಗೆದ್ದವನು! ಅದು ಬರೀ ಕುಡಿತ ಅನ್ನುವವರಿಗೆ ಓಟದ ದಣಿವು ಏನಂತ ಗೊತ್ತಿಲ್ಲ. ಮರುವರ್ಷ ಮತ್ತೆ ಅವನೇ ಗೆದ್ದ ಅನ್ನುವುದನ್ನು ಮಾತ್ರ ಯಾರೂ ಹೇಳಲ್ಲ.

1981ರಲ್ಲಿ ಮೈ ಬಂದಿತ್ತು, ಕುಡಿತ ಜಾಸ್ತಿಯಾಗಿತ್ತು. ಆದರೂ ನಾರ್ವೆಯ ಕ್ನಾರ್ವಿಕ್‌ನಲ್ಲಿ 5,000 ಮೀಟರನ್ನು 13 ನಿಮಿಷ 6.20 ಸೆಕೆಂಡಿನಲ್ಲಿ ಮುಗಿಸಿ ತನ್ನದೇ ದಾಖಲೆ ಮುರಿದ. ಆಮೇಲಿನದು ಕಷ್ಟದ ಕಥೆ. ಮನೆಯಿಲ್ಲದೆ ಅಲೆದ, ಕಾರು ತೊಳೆದ, ಅಮೆರಿಕದಲ್ಲಿ ಸಿಕ್ಕ ಕೆಲಸ ಮಾಡಿದ. ಆ ಹೊತ್ತಿಗೆ ಪಾಯಿಂಟ್ ಎಣಿಸಿಕೊಂಡವರು ಯಾರೂ ಹತ್ತಿರ ಇರಲಿಲ್ಲ ಅನ್ನುವುದು ನನ್ನ ಊಹೆ, ತಪ್ಪಿದ್ದರೆ ಹೇಳಿ. ಕೊನೆಗೆ ಕುಡಿತ ಬಿಟ್ಟ, ಮಕ್ಕಳಿಗೆ ಓಟ ಹೇಳಿಕೊಟ್ಟ. 2024ರ ಫೆಬ್ರವರಿಯಲ್ಲಿ ನೈರೋಬಿಯಲ್ಲಿ ತೀರಿಕೊಂಡಾಗ 72 ವರ್ಷ.

ಪದಕ ನೋಡಿಯೇ ದೊಡ್ಡ ಓಟಗಾರರ ಪಟ್ಟಿ ಮಾಡುವವರು ಇದೊಂದು ಲೆಕ್ಕವನ್ನೂ ನೋಡಿ. ಸ್ಟೀಪಲ್‌ಚೇಸ್ ಅಂದರೆ ಏಳೂವರೆ ಸುತ್ತಿನಲ್ಲಿ 28 ಅಡ್ಡಗಂಬ, 7 ನೀರಿನ ಗುಂಡಿ. ಒದ್ದೆ ಶೂನಲ್ಲೇ ಓಡಬೇಕು. ಅದರಲ್ಲಿ ರೋನೋ ಮಾಡಿದ 8 ನಿಮಿಷ 5.4 ಸೆಕೆಂಡಿನ ದಾಖಲೆ 11 ವರ್ಷ ಉಳಿಯಿತು. 1989ರಲ್ಲಿ ಕೀನ್ಯಾದವನೇ ಆದ ಪೀಟರ್ ಕೋಯೆಚ್ ಅದನ್ನು ಮುರಿದದ್ದು ಬರೀ 0.05 ಸೆಕೆಂಡಿನಿಂದ. ಅವನೂ ವಾಷಿಂಗ್ಟನ್ ಸ್ಟೇಟ್‌ನವನೇ.